ಎಲ್ಲರ ಮನೆಯ ಕೀಲಿಕೈ ಯಾರ ಕೈಯಾಗ?

ಗಜೇಂದ್ರಗಡ ಬೆಳೆಯುತ್ತಿದೆ. ಮುಶಿಗೇರಿಯಿಂದ ಸಂತೆಗೆ, ಕಾಲೇಜಿಗೆ, ಕಚೇರಿ ಕೆಲಸಕ್ಕೆ ಅಲ್ಲಿಗೆ ಹೋಗಿ ಬರುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಹುಕಾಲ ರೋಣ ತಾಲೂಕಿನೊಳಗಿದ್ದ ಊರು 2018ರಲ್ಲಿ ತಾನೇ ತಾಲೂಕಾಯಿತು. ಹೊಲ ಮಾರಿ ಬಂದವರು, ಮಗ್ಗ ಬಿಟ್ಟು ಅಂಗಡಿ ಇಟ್ಟವರು, ನೌಕರಿಗೆಂದು ಬಂದವರು, ಗುಳೇ ಹೋಗಿ ತಿರುಗಿ ಬಂದವರು, ಎಲ್ಲರಿಗೂ ಸೂರು ಬೇಕು. ಯರೆಹೊಲಗಳು ಪ್ಲಾಟುಗಳಾಗುತ್ತಿವೆ. ಆದರೆ ಪ್ಲಾಟಿನ ನಕಾಶೆಯಲ್ಲಿ ರಸ್ತೆಯ ಗೆರೆ ಬೀಳುವ ಮೊದಲೇ ಯಾರ ಗುಡಿ ಎಲ್ಲಿ, ಯಾರ ಮಸೀದಿ ಎಲ್ಲಿ, ಯಾವ ಜಾತಿಯ ಭವನ ಎಲ್ಲಿ ಅನ್ನೋ ಗೆರೆ ಮನಸ್ಸಿನೊಳಗೆ ಬಿದ್ದಿರುತ್ತದೆ.

ಇಂಥ ಊರಿಗೆ ಎಲ್ಲಾ ಧರ್ಮದವರೂ ಕೂಡುವ ಒಂದು ಮನೆ ಬೇಕು ಅನ್ನೋ ಮಾತು ನಮ್ಮ ಗೆಳೆಯರ ನಡುವೆ ಎದ್ದಿದೆ. ಮಾಸ್ತರರು, ನೇಕಾರರು, ಹಮಾಲರು, ಓದೋ ಹುಡುಗರು ಸೇರಿ ಚಹಾದ ಅಂಗಡಿ ಮುಂದೆ ಆಡುವ ಮಾತು ಇದು. ಅಲ್ಲಿ ಲಗ್ನ ಆಗಬೇಕು, ಸಭೆ ಆಗಬೇಕು, ಸತ್ತವರ ನೆನಪಿಗೆ ನಾಲ್ಕು ಮಂದಿ ಕೂಡಬೇಕು, ನಾಟಕ ಆಡಬೇಕು, ಹುಡುಗರು ಕುಂತು ಓದಬೇಕು. ನಾವೂ ಈ ಮಾತಿಗೆ ಹೂಂ ಅಂದವರೇ. ಆದರೆ ಬುನಾದಿ ತೋಡುವ ಮುಂಚೆ ಈ ನೆಲದ ಚರಿತ್ರೆಯನ್ನು ಸ್ವಲ್ಪ ತೋಡಿ ನೋಡೋಣ ಅನ್ನೋದು ನಮ್ಮ ವಾದ. ಯಾಕಂದರೆ 'ಎಲ್ಲರೂ' ಅನ್ನೋ ಮಾತು ನಮಗೆ ಬಹಳ ಸಲ ಮೋಸ ಮಾಡಿದೆ.

ಒಂದು ಉದಾಹರಣೆ. ನಮ್ಮ ಅಕ್ಕನ ಲಗ್ನಕ್ಕೆ ಜಾಗ ಕೇಳಲು ಅಪ್ಪನ ಜೊತೆ ಒಂದೂರಿನ ಕಲ್ಯಾಣ ಮಂಟಪಕ್ಕೆ ಹೋಗಿದ್ದೆವು. ಬಾಗಿಲ ಮೇಲೆ 'ಸರ್ವರಿಗೂ ಸ್ವಾಗತ' ಅಂತ ಬಣ್ಣದಲ್ಲಿ ಬರೆದಿತ್ತು. ಬುಕ್ಕು ತೆಗೆದ ಮನುಷ್ಯ ತಾರೀಖು ನೋಡಿ 'ಖಾಲಿ ಐತ್ರಿ' ಅಂದ. ಪೆನ್ನು ಹಿಡಿದು ಹೆಸರು ಕೇಳಿದ. ಅಪ್ಪ ಹೇಳಿದ. 'ಅಡ್ಡಹೆಸರು?' ಅಂದ. ಅಪ್ಪ ಅದನ್ನೂ ಹೇಳಿದ. ಪೆನ್ನಿನ ಟೊಪ್ಪಿಗೆ ಹಾಕಿ, ಹಾಳಿ ತಿರುವಿ, 'ತಪ್ಪಾತ್ರಿ, ಆ ದಿನ ಆಗಲೇ ಹಿಡದಾರ' ಅಂದ. ಅಪ್ಪ ಏನೂ ಅನ್ನಲಿಲ್ಲ. ಬಸ್ಸಿನಲ್ಲಿ ಬರುವಾಗ 'ಓಣಿಯಾಗ ಚಪ್ಪರ ಹಾಕಿದರಾತು ಬಿಡು' ಅಂದ. ಡಿಗ್ರಿ ಮುಗಿಸಿದ ಮಗ ಪಕ್ಕದಲ್ಲಿ ಕೂತಿದ್ದರೂ ಅವನಿಗೆ ಆ ಬುಕ್ಕಿನ ವಿರುದ್ಧ ಒಂದು ಮಾತು ಆಡಲು ಆಗಲಿಲ್ಲವಲ್ಲ ಅನ್ನೋ ನಾಚಿಕೆ ನಮ್ಮಲ್ಲಿ ಇಂದಿಗೂ ಇದೆ. ಈ ಲೇಖನ ಆ ನಾಚಿಕೆಯಿಂದ ಹುಟ್ಟಿದ್ದು.

1

ಕೂಡಿ ಬಾಳುವುದು ಈ ಸೀಮೆಗೆ ಹೊಸದಲ್ಲ. ಹೊರಗಿನವರು ಬಂದು ನಮಗೆ ಸೌಹಾರ್ದದ ಪಾಠ ಹೇಳಬೇಕಾಗಿಲ್ಲ. ಗದಗಿನಲ್ಲಿ ತ್ರಿಕೂಟೇಶ್ವರ, ವೀರನಾರಾಯಣ ಗುಡಿಗಳು ಮತ್ತು ಜುಮ್ಮಾ ಮಸೀದಿಯ ಆಡಳಿತ ಒಂದೇ ಸಂಸ್ಥೆಯ ಕೈಯಲ್ಲಿ ನಡೆದುಬಂದದ್ದು ಊರಿಗೆಲ್ಲ ಗೊತ್ತಿರುವ ಸಂಗತಿ. ಶಿವ, ವಿಷ್ಣು, ಅಲ್ಲಾ ಮೂವರ ಲೆಕ್ಕಪತ್ರ ಒಂದೇ ಕಡೆ! ಶಿರಹಟ್ಟಿಯ ಮಠದ ಹೆಸರೇ ಫಕೀರೇಶ್ವರ. ಆ ಹೆಸರಿನೊಳಗೆ ಫಕೀರನೂ ಇದ್ದಾನೆ, ಈಶ್ವರನೂ ಇದ್ದಾನೆ. ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರು ಬ್ರಾಹ್ಮಣ ಗೋವಿಂದಭಟ್ಟರನ್ನು ಗುರು ಅಂದರು, ಭಟ್ಟರು ಅವರನ್ನು ಶಿಷ್ಯ ಅಂದರು. ಎರಡೂ ಕಡೆಯ ಮಡಿವಂತರು ಬೈದರು. ಬೈದವರ ಹೆಸರು ಇವತ್ತು ಯಾರಿಗೂ ನೆನಪಿಲ್ಲ.

ತೀರ ಈಚಿನ ಮಾತು ಬೇಕೆಂದರೆ ನಮ್ಮ ರೋಣ ತಾಲೂಕಿನ ಅಸೂಟಿಯನ್ನೇ ನೋಡಿ. ಖಜೂರಿ ಕೋರಣೇಶ್ವರ ಮಠದ ಸ್ವಾಮಿಗಳ ಪ್ರವಚನಕ್ಕೆ ಮನಸೋತ ರಹಿಮಾನಸಾಬ ಮುಲ್ಲಾ ಎಂಬ ರೈತ ತನ್ನ ಎರಡು ಎಕರೆ ಭೂಮಿಯನ್ನು ಬಸವತತ್ವದ ಮಠ ಕಟ್ಟಲು ಕೊಟ್ಟರು. 2020ರ ಫೆಬ್ರುವರಿಯಲ್ಲಿ ಅವರ ಮಗ ದಿವಾನ ಶರೀಫರಿಗೇ ಆ ಮಠದ ಪಟ್ಟ ಕಟ್ಟಲಾಯಿತು. ದೇಶದ ಪತ್ರಿಕೆಗಳೆಲ್ಲ ಅಚ್ಚರಿಯಿಂದ ಬರೆದವು. ಎರಡು ಎಕರೆ ಯರೆಹೊಲ ಅಂದರೆ ಒಂದು ಸಂಸಾರದ ಹೊಟ್ಟೆ ಅನ್ನೋದು ಗೊತ್ತಿರುವ ನಮಗೆ ಪಟ್ಟಕ್ಕಿಂತ ಆ ದಾನವೇ ದೊಡ್ಡದಾಗಿ ಕಂಡಿತು.

ಹಣವನ್ನು ಕೂಡಿ ಹಾಕಿ ಕೂಡಿ ಬಳಸುವುದನ್ನೂ ಈ ಸೀಮೆಯೇ ದೇಶಕ್ಕೆ ತೋರಿಸಿತು. 1904ರಲ್ಲಿ ಬ್ರಿಟಿಷ್ ಸರಕಾರ ಸಹಕಾರಿ ಸಂಘಗಳ ಕಾಯಿದೆ ತಂದಿತು. ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಸಾವಕಾರನ ಬಡ್ಡಿಗೆ ಹೊಲ ಕಳೆದುಕೊಳ್ಳುತ್ತಿದ್ದ ರೈತರು ತಮ್ಮದೇ ಪೆಟ್ಟಿಗೆ ಇಟ್ಟುಕೊಂಡರು. ಷೇರು ಬುಕ್ಕು, ಠರಾವು ಬುಕ್ಕು, ವರ್ಷಕ್ಕೊಮ್ಮೆ ಲೆಕ್ಕ. ಒಂದು ಸಾಮಾನ್ಯ ಸ್ವತ್ತು ಬಾಳಬೇಕಾದರೆ ಪ್ರೀತಿಯ ಜೊತೆಗೆ ಠರಾವು ಬುಕ್ಕೂ ಬೇಕು ಅನ್ನೋ ಪಾಠ ಅಲ್ಲಿದೆ. ಹೊಲ ಇಲ್ಲದವನಿಗೆ ಆ ಪೆಟ್ಟಿಗೆಯಿಂದ ಸಿಕ್ಕಿದ್ದೇನು ಅನ್ನೋ ಪ್ರಶ್ನೆಯೂ ಅಲ್ಲಿದೆ.

ಇವನ್ನೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಹೇಳುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತದೆ. ಗುಡಿಯವರೂ ಮಸೀದಿಯವರೂ ಒಂದಾದರು, ಸರಿ. ಆ ಒಂದಾದ ಅಂಗಳದಲ್ಲಿ ಕೇರಿಯ ಮನುಷ್ಯ ಎಲ್ಲಿ ನಿಂತಿದ್ದ?

2

ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಮೊಹರಮ್ಮಿಗೆ ಹೋಗಬೇಕು. ನಮ್ಮ ಕಡೆ ಅದು ಸಾಬರ ಹಬ್ಬ ಅಲ್ಲ, ಊರ ಹಬ್ಬ. ಸಾಬರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿಯೂ ಅಲಾಯಿ ದೇವರು ಕೂಡುತ್ತಾರೆ. ಕುಣಿ ತೋಡುತ್ತಾರೆ, ಕಟ್ಟಿಗೆ ತಂದು ಒಟ್ಟುತ್ತಾರೆ, ಹರಕೆ ಹೊತ್ತವರು ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ. ಲಿಂಗ ಕಟ್ಟಿದ ಕೊರಳಲ್ಲಿಯೇ ಲಾಡಿ! ಚೊಂಗೆ ಮಾಡುತ್ತಾರೆ, ಸಕ್ಕರಿ ಓದಿಸುತ್ತಾರೆ. ಹೆಜ್ಜೆ ಮೇಳದವರು ಕರ್ಬಲಾದ ಕತೆಯನ್ನು ಅಚ್ಚ ಕನ್ನಡದಲ್ಲಿ ಹಾಡಿ ಕುಣಿಯುತ್ತಾರೆ. ಯಜೀದನ ದೊರೆತನಕ್ಕೆ ತಲೆಬಾಗದೆ ಮರುಭೂಮಿಯಲ್ಲಿ ನೀರಿಲ್ಲದೆ ಸತ್ತ ಹುಸೇನನ ಕತೆ ಅದು. ಬಾವಿ ಕಂಡರೂ ಬಗ್ಗಿ ನೀರು ಸೇದುವ ಹಕ್ಕಿಲ್ಲದ ಜನ ಆ ಕತೆ ಕೇಳಿ ಯಾಕೆ ಅತ್ತರು ಅನ್ನೋದನ್ನು ವಿಶ್ವವಿದ್ಯಾಲಯದವರು ಶೋಧಿಸಬೇಕಾಗಿಲ್ಲ, ನಮ್ಮ ಅಜ್ಜಿಯರನ್ನು ಕೇಳಿದರೆ ಸಾಕು.

ಆ ಹತ್ತು ದಿನ ನಮ್ಮ ಹಲಗಿ ಇಲ್ಲದೆ ದೇವರು ಏಳೋದಿಲ್ಲ. ದ್ಯಾಮವ್ವನ ಜಾತ್ರೆಗೂ ಅದೇ ಹಲಗಿ, ಅಲಾಯಿಗೂ ಅದೇ ಹಲಗಿ. ಆದರೆ ಒಂದು ಭೇದ ಇತ್ತು. ಜಾತ್ರೆಯಲ್ಲಿ ನಮ್ಮವರು ಗುಡಿ ಹೊರಗೆ ನಿಂತು ಬಾರಿಸಿ, ಹೊರಗೇ ಪ್ರಸಾದ ಇಸಕೊಂಡು, ಹೊರಗಿಂದಲೇ ಮನೆಗೆ ಬರುತ್ತಿದ್ದರು. ಅಲಾಯಿ ಕುಣಿಯ ಸುತ್ತ ಎಲ್ಲರೂ ಒಂದೇ ಸುತ್ತಿನಲ್ಲಿ ಕುಣಿಯುತ್ತಿದ್ದರು. ಮಸೂತಿಯ ಬಾಗಿಲತನಕ ನಮ್ಮವ್ವ ಹೋಗಿ ಸಕ್ಕರಿ ಓದಿಸಿ ಊದು ಹಚ್ಚಿಸಿಕೊಂಡು ಬರುತ್ತಿದ್ದಳು. ಒಬ್ಬ ಮನುಷ್ಯ ದೇವರ ಹತ್ತಿರ ಎಷ್ಟು ಹೆಜ್ಜೆ ಹೋಗಬಹುದು ಅನ್ನೋದೇ ನಮ್ಮ ಪಾಲಿನ ಧರ್ಮಶಾಸ್ತ್ರ. ಆ ಲೆಕ್ಕದಲ್ಲಿ ಅಲಾಯಿ ನಮಗೆ ಹತ್ತಿರದ ದೇವರು.

ಇಷ್ಟಕ್ಕೇ ಮೊಹರಮ್ಮನ್ನು ಸ್ವರ್ಗ ಅನ್ನಲಾರೆವು. ಕುಣಿಯ ಬೆಂಕಿ ಆರಿದ ಮರುದಿನ ಊರು ಮತ್ತೆ ಮೊದಲಿನ ಊರೇ. ರಾತ್ರಿ ಕೈ ಹಿಡಿದು ಕುಣಿದ ಗೌಡರ ಹುಡುಗ ಮುಂಜಾನೆ ಹೊಟೇಲಿನಲ್ಲಿ ಬೆಂಚಿನ ಮೇಲೆ, ನಾವು ಹೊರಗೆ ಕಟ್ಟೆಯ ಮೇಲೆ. ಹಬ್ಬ ವರ್ಷಕ್ಕೆ ಹತ್ತು ದಿನ ಕೂಡಿಸುತ್ತದೆ. ಉಳಿದ ದಿನಗಳಿಗೆ ಕೂಡಿಸುವ ಜಾಗ ಬೇಕು. ಈ ಭವನದ ಅಗತ್ಯ ಇರುವುದು ಇಲ್ಲಿ.

3

ಎಲ್ಲರೂ ಕೂಡುವ ಮನೆಯ ದೊಡ್ಡ ಕನಸು ಕನ್ನಡ ನಾಡಿನಲ್ಲಿ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹುಟ್ಟಿತು. ಅನುಭವ ಮಂಟಪ ಅಂದಾಗ ಕಲ್ಲಿನ ಕಟ್ಟಡವನ್ನು ಕಣ್ಣ ಮುಂದೆ ತಂದುಕೊಳ್ಳುವುದು ಬೇಡ. ಅಲ್ಲಿ ಯಾರು ಯಾರ ಪಕ್ಕ ಕುಳಿತರು ಅನ್ನೋದನ್ನು ನೋಡೋಣ. ಮಾದಾರ ಚೆನ್ನಯ್ಯನನ್ನು ಅಪ್ಪ ಅಂದರು, ಡೋಹರ ಕಕ್ಕಯ್ಯನನ್ನು ಬೊಪ್ಪ ಅಂದರು. ಜಾತಿಯನ್ನು ಬಯ್ಯುವುದು ಸುಲಭ, ಕೆಳಗಿನವನನ್ನು ನೆಂಟ ಅನ್ನುವುದು ಕಷ್ಟ. ಶರಣರು ಆ ಕಷ್ಟದ ಕೆಲಸ ಮಾಡಿದರು.

ಅದು ಎಲ್ಲಿ ಮುರಿಯಿತು? ಮಾತಿನಲ್ಲಿ ಮುರಿಯಲಿಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಲಗ್ನವಾದಾಗ ಮುರಿಯಿತು. ಶರಣರ ಪುರಾಣಗಳು ಹೇಳುವಂತೆ ಬೀಗರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿಸಿ ಎಳೆಸಲಾಯಿತು, ಕಲ್ಯಾಣ ಹತ್ತಿ ಉರಿಯಿತು, ಶರಣರು ದಿಕ್ಕಾಪಾಲಾದರು. ಅಂದರೆ ಕೂಡಿ ಕುಳಿತು ತತ್ವ ಮಾತಾಡುವತನಕ ವ್ಯವಸ್ಥೆ ಸಹಿಸಿಕೊಂಡಿತು. ಕೂಡಿ ಉಂಡು, ಕೂಡಿ ಲಗ್ನ ಮಾಡಿಕೊಂಡ ದಿನ ಆನೆ ಬಿಟ್ಟಿತು.

ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಸರಕಾರ ಅಡಿಗಲ್ಲು ಹಾಕಿತು. ಕೋಟಿ ಕೋಟಿ ರೂಪಾಯಿಯ ಯೋಜನೆ. ಬೇಡ ಅನ್ನೋದಿಲ್ಲ. ಆದರೆ ಹರಳಯ್ಯನ ಮೊಮ್ಮಕ್ಕಳು ಇವತ್ತು ಒಂದು ಲಗ್ನಕ್ಕೆ ಜಾಗ ಕೇಳಿ, ಅಡ್ಡಹೆಸರು ಹೇಳಿ, ಬಸ್ಸು ಹತ್ತಿ ತಿರುಗಿ ಬರುತ್ತಾರಲ್ಲ, ಆ ಬುಕ್ಕಿನ ಮೇಲೆ ಯಾವ ಅಡಿಗಲ್ಲು ಹಾಕೋಣ?

4

ಇನ್ನು ನಮ್ಮ ಶಾಲೆಯ ಪುಸ್ತಕಗಳಲ್ಲಿ ಕಾಣದ ಒಂದು ಚರಿತ್ರೆ. ಮಾಸ್ತರರು ದಯವಿಟ್ಟು ಇದನ್ನು ಮಕ್ಕಳಿಗೆ ಹೇಳಬೇಕು.

ಆ ಕಾಲಕ್ಕೆ ರೋಣ ಧಾರವಾಡ ಜಿಲ್ಲೆಯ ತಾಲೂಕು, ಧಾರವಾಡ ಮುಂಬೈ ಇಲಾಖೆಯ ಜಿಲ್ಲೆ. 1923ರ ಆಗಸ್ಟ್ ತಿಂಗಳಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಸೀತಾರಾಮ ಕೇಶವ ಬೋಲೆ ಎಂಬುವರು ಒಂದು ಠರಾವು ತಂದರು. ಸಾರ್ವಜನಿಕ ಹಣದಿಂದ ಕಟ್ಟಿದ, ಸಾರ್ವಜನಿಕ ಹಣದಿಂದ ನಡೆಯುವ ಕೆರೆ, ಬಾವಿ, ಧರ್ಮಶಾಲೆಗಳು, ಹಾಗೆಯೇ ಶಾಲೆ, ಕೋರ್ಟು, ಕಚೇರಿ, ದವಾಖಾನೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ಠರಾವು ಪಾಸಾಯಿತು. ಧರ್ಮಶಾಲೆ ಅನ್ನೋ ಮಾತನ್ನು ಗಮನಿಸಿ. ಇವತ್ತಿನ ಸಮುದಾಯ ಭವನದ ಮುತ್ತಜ್ಜ ಅದೇ. ಅಂದರೆ ನಮ್ಮ ಸೀಮೆಯಲ್ಲಿ ಸರಕಾರಿ ಕಾಗದದ ಮೇಲೆ ಆ ಬಾಗಿಲು ತೆರೆದು ನೂರು ವರ್ಷ ದಾಟಿದೆ! ತೆರೆಯಲು ಮನಸ್ಸಿಲ್ಲದ ಸ್ಥಳೀಯ ಸಂಸ್ಥೆಗಳಿಗೆ ಕೊಡುವ ಹಣ ನಿಲ್ಲಿಸಬೇಕು ಅಂತ 1926ರಲ್ಲಿ ಮತ್ತೊಂದು ಠರಾವು ಆಗಬೇಕಾಯಿತು. ಕಾಗದ ತೆರೆದರೂ ಬಾಗಿಲು ತೆರೆದಿರಲಿಲ್ಲ ಅನ್ನೋದಕ್ಕೆ ಆ ಎರಡನೆಯ ಠರಾವೇ ಸಾಕ್ಷಿ.

ಕಾಗದವನ್ನು ಬಾಗಿಲಾಗಿಸಿದ್ದು ಮಹಾಡ. ಅಲ್ಲಿಯ ನಗರಸಭೆ 1924ರಲ್ಲಿಯೇ ಚವದಾರ ಕೆರೆ ಎಲ್ಲರಿಗೂ ಅಂತ ಠರಾವು ಮಾಡಿತ್ತು. ಮೂರು ವರ್ಷ ಒಬ್ಬ ದಲಿತನೂ ಆ ನೀರು ಮುಟ್ಟಲು ಆಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬ ಅಂಬೇಡ್ಕರರು ಸಾವಿರಾರು ಜನರೊಂದಿಗೆ ಹೋಗಿ ಬೊಗಸೆ ನೀರು ಕುಡಿದರು. ಸವರ್ಣರು ಹೊಡೆದರು, ಆಮೇಲೆ ಸೆಗಣಿ ಗಂಜಲ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಅದೇ ವರ್ಷ ಡಿಸೆಂಬರಿನಲ್ಲಿ ಎರಡನೆಯ ಪರಿಷತ್ತಿಗೆ ಚಪ್ಪರ ಹಾಕಲು ಮಹಾಡದ ಹಿಂದೂಗಳಲ್ಲಿ ಒಬ್ಬನೂ ಜಾಗ ಕೊಡಲಿಲ್ಲ. ಫತ್ತೇಖಾನ ಎಂಬ ಮುಸಲ್ಮಾನ ಗೃಹಸ್ಥ ತನ್ನ ಜಾಗ ಕೊಟ್ಟ. ಮನುಸ್ಮೃತಿಯನ್ನು ಸುಟ್ಟದ್ದು ಆ ಪರಿಷತ್ತಿನಲ್ಲಿಯೇ. ಧರ್ಮ ಧರ್ಮಗಳ ನಡುವಿನ ಸೌಹಾರ್ದ ಅಂದರೆ ನಮಗೆ ಮೊದಲು ನೆನಪಾಗಬೇಕಾದದ್ದು ಆ ಚಪ್ಪರದ ನೆಲ. ಅಸೂಟಿಯ ಎರಡು ಎಕರೆಗೂ ಮಹಾಡದ ಆ ಜಾಗಕ್ಕೂ ಏನೋ ಒಂದು ರಕ್ತಸಂಬಂಧ ಇದ್ದಂತೆ ನಮಗೆ ಕಾಣುತ್ತದೆ.

ಮುಂದಿನದು ಇನ್ನೂ ಮುಖ್ಯ. ಸವರ್ಣರು ಕೋರ್ಟಿಗೆ ಹೋದರು. ಅವರ ವಾದ ಏನಿತ್ತು? ಕೆರೆ ಸಾರ್ವಜನಿಕ ಅಲ್ಲ, ನಮ್ಮ ಖಾಸಗಿ ಸ್ವತ್ತು. ಅಸ್ಪೃಶ್ಯರನ್ನು ಬಿಡದಿರುವುದು ಅನಾದಿ ಕಾಲದ ರೂಢಿ. ಹತ್ತು ವರ್ಷ ನಡೆದ ಖಟ್ಲೆ 1937ರಲ್ಲಿ ಮುಂಬೈ ಹೈಕೋರ್ಟಿನಲ್ಲಿ ಮುಗಿಯಿತು. ಅಂಬೇಡ್ಕರರ ಕಡೆ ತೀರ್ಪಾಯಿತು. ಕೆರೆ ನಗರಸಭೆಗೆ ಸೇರಿದ್ದು, ಅನಾದಿ ರೂಢಿ ಅನ್ನೋದು ಸಾಬೀತಾಗಿಲ್ಲ ಅಂತ. ಗೆಳೆಯರೇ, ಇಲ್ಲಿ ನಿಂತು ಯೋಚಿಸಿ. ಹತ್ತು ವರ್ಷದ ಜಗಳ ಒಂದು ಪ್ರಶ್ನೆಯ ಸುತ್ತ ತಿರುಗಿತು: ಈ ಸ್ವತ್ತು ಯಾರ ಹೆಸರಿನಲ್ಲಿದೆ?

ಸಂವಿಧಾನದ 15ನೆಯ ವಿಧಿ ಆ ಜಗಳದಿಂದ ಪಾಠ ಕಲಿತಿದೆ. ಅಂಗಡಿ, ಹೊಟೇಲು ಎಲ್ಲರಿಗೂ ತೆರೆದಿರಬೇಕು. ಸರಕಾರದ ಹಣದಿಂದ ಪೂರ್ತಿಯಾಗಿಯೋ ಭಾಗಶಃವಾಗಿಯೋ ನಡೆಯುವ, ಇಲ್ಲವೆ ಜನರ ಬಳಕೆಗೆ ಬಿಟ್ಟುಕೊಟ್ಟ ಬಾವಿ, ಕೆರೆ, ರಸ್ತೆ, ಜನ ಕೂಡುವ ಸ್ಥಳ ಎಲ್ಲವೂ ತೆರೆದಿರಬೇಕು. 17ನೆಯ ವಿಧಿ ಅಸ್ಪೃಶ್ಯತೆಯನ್ನೇ ತೆಗೆದುಹಾಕಿತು. 1955ರಲ್ಲಿ ಅದಕ್ಕೆ ಕಾಯಿದೆ ಬಂತು, 1976ರಲ್ಲಿ ಅದು ನಾಗರಿಕ ಹಕ್ಕುಗಳ ಸಂರಕ್ಷಣೆ ಕಾಯಿದೆ ಅಂತ ಬಿಗಿಯಾಯಿತು. ನಮ್ಮಪ್ಪ ಬಸ್ಸಿನಲ್ಲಿ ಸುಮ್ಮನೆ ಕೂತಿದ್ದಾಗ ಇದೆಲ್ಲ ನಮ್ಮ ಬೆನ್ನಿಗೆ ಇತ್ತು. ನಮಗೆ ಗೊತ್ತಿರಲಿಲ್ಲ, ಅಷ್ಟೆ.

5

ಸ್ವಾತಂತ್ರ್ಯ ಬಂದಮೇಲೆ ಸರಕಾರ ಭವನಗಳನ್ನು ಕಟ್ಟಿತು. ಅಂಬೇಡ್ಕರ್ ಭವನ, ವಾಲ್ಮೀಕಿ ಭವನ, ಕನಕ ಭವನ, ಶಾದಿ ಮಹಲ್. ಒಂದೊಂದು ಜನಕ್ಕೆ ಒಂದೊಂದು. ಇದನ್ನು ನೋಡಿ ಕೆಲವರು ಮೂಗು ಮುರಿಯುತ್ತಾರೆ, 'ಜಾತಿಗೊಂದು ಭವನ ಯಾಕ ಬೇಕು, ಎಲ್ಲಾ ಒಂದಾಗ್ರಿ' ಅಂತಾರೆ. ಇವರು ಮರೆಯುವ ಒಂದು ಸಂಗತಿ ಇದೆ. ಮೇಲಿನವರಿಗೆ ಮಠ ಇತ್ತು, ಗುಡಿಯ ಪ್ರಾಂಗಣ ಇತ್ತು, ಕಲ್ಯಾಣ ಮಂಟಪ ಇತ್ತು. ಅವುಗಳ ಮೇಲೆ ಜಾತಿಯ ಹೆಸರು ಬರೆಯದಿದ್ದರೂ ಒಳಗೆ ಯಾರು ಅನ್ನೋದು ಊರಿಗೆ ಗೊತ್ತಿತ್ತು. ಬೇರೆ ಬಾಗಿಲುಗಳು ತೆರೆಯದ ಕಾರಣ ಅಂಬೇಡ್ಕರ್ ಭವನ ಹುಟ್ಟಿತು. ಅದರ ಹೊಸ್ತಿಲಲ್ಲಿ ನಮ್ಮ ಜನ ಮೊದಲ ಸಲ ಅಡ್ಡಹೆಸರು ಹೇಳಲು ಹೆದರಲಿಲ್ಲ. ಸರ್ವಧರ್ಮದ ಭವನ ಬರುತ್ತದೆ, ಇದನ್ನು ಬಿಟ್ಟುಕೊಡಿ ಅಂದರೆ ನಾವು ಒಪ್ಪುವವರಲ್ಲ.

ಹಾಗಂತ ನಮ್ಮ ಗೋಡೆಯೊಳಗೇ ನಾವು ಉಳಿದರೆ ಬಾಬಾಸಾಹೇಬರು ಮಹಾಡಕ್ಕೆ ಹೋದದ್ದು ಯಾಕೆ? ನಮಗೇ ಬೇರೆ ಕೆರೆ ತೋಡಿಕೊಳ್ಳಬಹುದಿತ್ತಲ್ಲ? ಅವರು ನೀರಿಗಾಗಿ ಹೋಗಲಿಲ್ಲ, ಎಲ್ಲರ ಕೆರೆಯಲ್ಲಿ ನಮ್ಮ ಪಾಲು ಕೇಳಲು ಹೋದರು. ನಮ್ಮ ಮನೆ ನಮಗಿರಲಿ, ಎಲ್ಲರ ಮನೆಯಲ್ಲಿ ನಮ್ಮ ಪಾಲೂ ಇರಲಿ. ಎರಡೂ ಬೇಕು.

ಇನ್ನೊಂದು ಎಚ್ಚರ. ಇಂಥ ಭವನಗಳ ಉದ್ಘಾಟನೆಗೆ ವೇದಿಕೆಯ ಮೇಲೆ ಒಬ್ಬ ಸ್ವಾಮಿ, ಒಬ್ಬ ಮೌಲ್ವಿ, ಒಬ್ಬ ಪಾದ್ರಿಯನ್ನು ಕೂರಿಸಿ ಫೋಟೋ ತೆಗೆದರೆ ಸರ್ವಧರ್ಮ ಮುಗಿಯಿತು ಅನ್ನೋ ರೂಢಿ ಬೆಳೆದಿದೆ. ಆ ಫೋಟೋದಲ್ಲಿ ಜಮಖಾನ ಹಾಸಿದವಳು ಇರೋದಿಲ್ಲ, ಚಹಾದ ಲೋಟ ತೊಳೆದವನು ಇರೋದಿಲ್ಲ. ಧರ್ಮಗುರುಗಳು ಒಪ್ಪಂದ ಮಾಡಿಕೊಂಡರೆ ಅದು ಧರ್ಮಗುರುಗಳ ಒಪ್ಪಂದ. ಓಣಿಗಳು ಒಪ್ಪಂದ ಮಾಡಿಕೊಂಡರೆ ಊರಿನ ಒಪ್ಪಂದ.

6

ಹಾಗಾದರೆ ಯೋಜನೆ ಹೇಗಿರಬೇಕು? ನಾವು ಇಂಜಿನಿಯರರಲ್ಲ. ಆದರೆ ಹೊರಗೆ ನಿಂತು ಅನುಭವ ಇರುವವರಿಗೆ ಬಾಗಿಲು ಎಲ್ಲಿರಬೇಕು ಅನ್ನೋದು ಚೆನ್ನಾಗಿ ಗೊತ್ತಿರುತ್ತದೆ.

ಮೊದಲು ಜಾಗ. ಅದು ಯಾವ ಗುಡಿ, ಮಸೀದಿ, ಮಠದ ನೆರಳಿನಲ್ಲೂ ಇರಬಾರದು. ಯಾರದೇ ಓಣಿಯ ಒಳಗೂ ಬೇಡ. ನಡೆದು ಬರುವ ಮುದುಕಿಗೆ, ಹಳ್ಳಿಯಿಂದ ಬಸ್ಸಿಳಿದು ಬರುವ ಹುಡುಗಿಗೆ ಹಾದಿ ಸಲೀಸಾಗಿರಬೇಕು. ಉತಾರ ಪುರಸಭೆಯ ಹೆಸರಿನಲ್ಲಿಯೇ ಇರಬೇಕು. ಯಾವ ದಾನಿಯ ಟ್ರಸ್ಟಿನ ಹೆಸರೂ ಬೇಡ. ದಾನ ಕೊಟ್ಟವರಿಗೆ ಕೈ ಮುಗಿಯೋಣ, ಸ್ವತ್ತು ಮಾತ್ರ ಊರಿನದಾಗಿರಲಿ. ಮಹಾಡದ ಹತ್ತು ವರ್ಷ ನಮಗೆ ಕಲಿಸಿದ್ದು ಇದನ್ನೇ.

ಎರಡನೆಯದು ಬಾಗಿಲು ಮತ್ತು ನೀರು. ಬಾಗಿಲು ಒಂದೇ, ನಳ ಒಂದೇ, ಕುಡಿಯುವ ಲೋಟ ಒಂದೇ ನಮೂನಿ. ಹೆಂಗಸರಿಗೆ ಸರಿಯಾದ ಪಾಯಖಾನೆ. ಕಸ ಬಳಿಯುವ ಕೆಲಸ ಒಂದು ಜಾತಿಯ ಕೆಲಸ ಆಗಬಾರದು. ಯಾರು ಮಾಡಿದರೂ ಅವರಿಗೆ ಪಗಾರ, ಮಾಡುವವರಿಗೆ ಸಮಿತಿಯಲ್ಲೊಂದು ಕುರ್ಚಿ.

ಮೂರನೆಯದು ಒಲೆ. ಇಲ್ಲಿಯೇ ಜಗಳ ಏಳೋದು. 'ಶುದ್ಧ ಸಸ್ಯಾಹಾರಿ' ಅಂತ ಒಂದು ಫಲಕ ಹಾಕಿಬಿಟ್ಟರೆ ಸಾಬರೂ, ನಾವೂ, ಕ್ರೈಸ್ತರೂ, ಇನ್ನೂ ಎಷ್ಟೋ ಜನ ಒಂದೇ ಏಟಿಗೆ ಹೊರಗೆ. ಯಾರನ್ನೂ ಹೆಸರು ಹಿಡಿದು ಹೊರಗೆ ಹಾಕಬೇಕಾಗಿಲ್ಲ, ಆ ಎರಡು ಶಬ್ದ ಸಾಕು. ಮಾಂಸ ಮುಟ್ಟದವರ ಮನಸ್ಸಿಗೂ ನೋವಾಗಬಾರದು ಅನ್ನೋದನ್ನು ನಾವು ಒಪ್ಪುತ್ತೇವೆ. ಅದಕ್ಕೆ ಪಾತ್ರೆ ಬೇರೆ ಇಡಬಹುದು, ಎರಡು ಒಲೆ ಇಡಬಹುದು. ಆದರೆ ಪಂಕ್ತಿ ಬೇರೆ ಆಗಬಾರದು. ಆ ದಿನ ಜಾಗ ಹಿಡಿದವರು ತಮ್ಮ ಮನೆಯ ಅಡಿಗೆ ಮಾಡಲಿ, ಬಂದವರು ತಮಗೆ ಬೇಕಾದದ್ದು ಉಣ್ಣಲಿ.

ನಾಲ್ಕನೆಯದು ಬುಕ್ಕು. ಬುಕ್ಕಿನಲ್ಲಿ ತಾರೀಖು, ಹೆಸರು, ಊರು, ಕಟ್ಟಿದ ಹಣ ಇಷ್ಟೇ ಮನೆಗಳಿರಬೇಕು. ಅಡ್ಡಹೆಸರಿಗೆ ಮನೆ ಬೇಡ. ಯಾವ ದಿನ ಖಾಲಿ ಅನ್ನೋದನ್ನು ಹೊರಗೆ ಗೋಡೆಯ ಮೇಲೆ ಬರೆದಿಡಬೇಕು. ಕಂಡ ಖಾಲಿ ದಿನವನ್ನು ಯಾರೂ ಬಾಯಲ್ಲಿ ತುಂಬಿಸಲಾರರು. ಜಾತಿ ಬಿಟ್ಟು, ಧರ್ಮ ಬಿಟ್ಟು ಲಗ್ನವಾಗುವ ಹುಡುಗ ಹುಡುಗಿಗೆ ಬಾಡಿಗೆ ಇಲ್ಲ ಅಂತ ಠರಾವು ಆಗಲಿ. ಹರಳಯ್ಯ ಮಧುವರಸರಿಗೆ ಅದಕ್ಕಿಂತ ದೊಡ್ಡ ಮೂರ್ತಿ ಬೇಡ.

ಐದನೆಯದು ಕೀಲಿಕೈ. ಸಮಿತಿಯಲ್ಲಿ ಎಲ್ಲಾ ಓಣಿಯವರು ಇರಲಿ, ಅರ್ಧ ಹೆಂಗಸರಿರಲಿ. ಅಧ್ಯಕ್ಷಗಿರಿ ವರ್ಷ ವರ್ಷ ಓಣಿಯಿಂದ ಓಣಿಗೆ ಹೋಗಲಿ, ಅದರ ಜೊತೆ ಕೀಲಿಕೈಯೂ ಹೋಗಲಿ. ಕಣಗಿನಹಾಳದ ಹಾಗೆ ಲೆಕ್ಕ ವರ್ಷಕ್ಕೊಮ್ಮೆ ಜನರ ಮುಂದೆ ಬರಲಿ. ಒಳಗೆ ಯಾವ ದೇವರ ಫೋಟೋವೂ ಕಾಯಂ ಬೇಡ. ಹಬ್ಬ ಮಾಡುವವರು ತಂದಿಟ್ಟು ಮಾಡಿ ಒಯ್ಯಲಿ. ಕಾಯಂ ಇರಬೇಕಾದದ್ದು ಒಂದು ಓದುವ ಕೋಣೆ, ಅದರಲ್ಲಿ ಎಲ್ಲರ ಕೈಗೆ ಸಿಗುವ ಎತ್ತರದಲ್ಲಿ ಸಂವಿಧಾನದ ಒಂದು ಪ್ರತಿ.

ಇಷ್ಟು ಕೇಳಿದರೆ ಕೆಲವರು 'ಇವರಿಗೆ ಎಲ್ಲದರಾಗೂ ಜಾತಿ ಕಾಣತೈತಿ, ಸೌಹಾರ್ದದ ಕೆಲಸದಾಗ ಇದನ್ಯಾಕ ತರತಾರ' ಅಂದಾರು. ತಂದವರು ನಾವಲ್ಲ. ಅದು ಬುಕ್ಕಿನಲ್ಲಿ ಮೊದಲೇ ಇತ್ತು, ಪೆನ್ನಿನ ಟೊಪ್ಪಿಗೆಯ ಕೆಳಗೆ. ಹಿಂದೂ ಮುಸ್ಲಿಂ ಭಾಯಿ ಭಾಯಿ ಅನ್ನೋ ಘೋಷಣೆಯನ್ನು ನಾವೂ ಕೂಗುತ್ತೇವೆ, ಗಂಟಲು ಹರಿಯುವ ಹಾಗೆ ಕೂಗುತ್ತೇವೆ, ಯಾಕಂದರೆ ಗಲಭೆಯಾದರೆ ಮೊದಲು ಸುಡುವುದು ಬಡವರ ಗುಡಿಸಲು. ಆದರೆ ಆ ಭಾಯಿಗಳ ಸಾಲಿನಲ್ಲಿ ಹಲಗಿ ಬಾರಿಸುವವನೂ ಭಾಯಿಯೋ ಅಲ್ಲವೋ ಅನ್ನೋದನ್ನು ಬುನಾದಿ ಹಾಕುವ ದಿನವೇ ಬರೆದಿಡಬೇಕು.

ಅಲಾಯಿ ಕುಣಿಯನ್ನು ನಮ್ಮವರು ತೋಡಿದ್ದಾರೆ, ಗುಡಿಗೆ ಕಲ್ಲು ಹೊತ್ತಿದ್ದಾರೆ, ಮಠದ ಹೊಲ ಉತ್ತಿದ್ದಾರೆ. ಈ ಭವನದ ಬುನಾದಿಯನ್ನೂ ತೋಡುತ್ತಾರೆ, ಅದಕ್ಕೆ ಅನುಮಾನ ಬೇಡ. ಈ ಸಲ ತೋಡಿದವರು ಬಾಗಿಲು ಹಚ್ಚುವ ದಿನವೂ ಅಲ್ಲಿರುತ್ತಾರೆ. ಅಕ್ಕನ ಮಗಳು ಈಗ ಶಾಲೆಗೆ ಹೋಗುತ್ತಾಳೆ. ಒಂದು ದಿನ ಅವಳ ಕಾರ್ಯಕ್ಕೆ ಜಾಗ ಕೇಳಲು ನಾವು ಅಪ್ಪನನ್ನು ಮತ್ತೆ ಕರೆದುಕೊಂಡು ಹೋಗುತ್ತೇವೆ. ಬುಕ್ಕು ಬರೆಯುವವರು ಹೆಸರು ಕೇಳಲಿ. ಅಪ್ಪ ಹೇಳುತ್ತಾನೆ. ಅಷ್ಟಕ್ಕೇ ನಿಲ್ಲಬೇಕು ಆ ಮಾತು.